ಹೋಗಿ ಬರುವ ದಾರಿ: ದ್ವೀಪದುರ್ಗದಲ್ಲಿ ಒಂದು ರಾತ್ರಿ

ಹೊನ್ನಾವರದಿಂದ ದಕ್ಷಿಣಕ್ಕೆ, ಕಾಸರಕೋಡನ್ನು ದಾಟಿ ಅಪ್ಸರಕೊಂಡಕ್ಕೆ ಹೋದವರು ಸಾಮಾನ್ಯವಾಗಿ ಮೂರು ನೋಟಗಳನ್ನು ನೆನಪಿಟ್ಟುಕೊಂಡು ಬರುತ್ತಾರೆ. ಕಲ್ಲಿನ ಅಂಚಿನಿಂದ ಇಳಿಯುವ ಕಿರುಜಲಪಾತ ಒಂದು, ಅದರ ಬುಡದಲ್ಲಿ ಅಪ್ಸರೆಯರು ಮೀಯಲು ಬರುತ್ತಿದ್ದರೆಂದು ಜನ ಹೇಳುವ ಕೊಂಡ ಎರಡು, ಗುಡ್ಡದ ನೆತ್ತಿಯಿಂದ ಕಾಣುವ ಕಡಲು ಮೂರು. ಆ ನೆತ್ತಿಯ ಮೇಲೆ ನಿಂತು, ಮನಸ್ಸಿನಲ್ಲಿಯೇ ಕರಾವಳಿಯ ಗೆರೆಯನ್ನು ಹಿಡಿದು ಉತ್ತರಕ್ಕೆ ಸಾಗಿರಿ. ಕಾಸರಕೋಡಿನ ಮರಳದಂಡೆ ಮುಗಿಯುತ್ತದೆ. ಶರಾವತಿಯ ಅಳಿವೆ ಬರುತ್ತದೆ. ಅದರಾಚೆ ಪಾವಿನಕುರ್ವೆಯ ಎದುರಿಗೆ, ಕಡಲಿನಲ್ಲಿ ನೆತ್ತಿ ಚಪ್ಪಟೆಯಾದ ಒಂದು ದ್ವೀಪವಿದೆ. ಅದೇ ಬಸವರಾಜದುರ್ಗ. ಇಂಗ್ಲಿಷರ ಹಳೆಯ ದಾಖಲೆಗಳಲ್ಲಿ ಅದಕ್ಕೆ ‘ಕೋಟೆಯುಳ್ಳ ದ್ವೀಪ’ ಎಂಬ ಅರ್ಥದ ಹೆಸರೇ ಇದೆ.

ಚಾರಣದ ಹವ್ಯಾಸವಿರುವ ತರುಣರು ಈ ದ್ವೀಪದ ವಿಷಯ ಬಂದಾಗಲೆಲ್ಲ ಕೇಳುವ ಪ್ರಶ್ನೆ ಒಂದೇ: “ಅಲ್ಲಿ ಒಂದು ರಾತ್ರಿ ಡೇರೆ ಹಾಕಿಕೊಂಡು ಇರಬಹುದೇ?” ಈ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರ ಹೇಳಿದರೆ ಅದು ಅರ್ಧ ಉತ್ತರವಾಗುತ್ತದೆ. ಪೂರ್ತಿ ಉತ್ತರ ಬೇಕಾದರೆ ಆ ಕೋಟೆಯನ್ನು ಅಲ್ಲಿ ಏಕೆ ಕಟ್ಟಿದರು, ಅದರೊಳಗೆ ಇದ್ದವರು ಹೇಗೆ ಬದುಕಿದರು ಎಂಬುದನ್ನು ಮೊದಲು ತಿಳಿಯಬೇಕು. ಏಕೆಂದರೆ ಅಂದಿನ ಕಾವಲುಗಾರನಿಗೆ ಇದ್ದ ತೊಂದರೆಗಳೇ ಇಂದು ಅಲ್ಲಿ ಮಲಗಲು ಹೊರಟ ನಿಮಗೂ ಎದುರಾಗುತ್ತವೆ.

ಕಡಲ ನಡುವೆ ಕೋಟೆ ಏಕೆ?

ಸುತ್ತಲೂ ಸಮುದ್ರವೇ ಕಂದಕವಾಗಿರುವಾಗ ಮತ್ತೆ ಗೋಡೆ ಯಾಕೆ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಇದಕ್ಕೆ ಉತ್ತರ ಶರಾವತಿಯಲ್ಲಿದೆ. ಘಟ್ಟದ ಮೇಲಿನ ಕಾಳುಮೆಣಸು, ಅಡಿಕೆ ಗೇರುಸೊಪ್ಪೆಯ ಮಾರ್ಗವಾಗಿ ಕೆಳಗಿಳಿದು, ದೋಣಿಗಳಲ್ಲಿ ಹೊನ್ನಾವರಕ್ಕೆ ಬಂದು, ಅಲ್ಲಿಂದ ಹಡಗು ಹತ್ತುತ್ತಿದ್ದವು. ಮೊರೊಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತ ಹದಿನಾಲ್ಕನೆಯ ಶತಮಾನದಲ್ಲಿಯೇ ಹೊನ್ನಾವರವನ್ನು ಕಂಡು ಬರೆದಿದ್ದಾನೆ. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದೇ ಕರೆದರು. ಕುಮಟಾ ತಾಲೂಕಿನ ಮಿರ್ಜಾನ ಕೋಟೆಯ ಜೊತೆ ಸೇರಿಕೊಂಡಿರುವುದೂ ಆಕೆಯ ಹೆಸರೇ. ಮುಂದೆ ಕೆಳದಿಯ ನಾಯಕರು ಕರಾವಳಿಗೆ ಇಳಿದರು. ಶಿವಪ್ಪನಾಯಕನ ಕಾಲದಲ್ಲಿ, 1650ರ ದಶಕದಲ್ಲಿ, ಹೊನ್ನಾವರದ ಪೋರ್ಚುಗೀಸ್ ಕೋಟೆ ಅವರ ಕೈಸೇರಿತು. ಬಸವರಾಜದುರ್ಗವನ್ನು ಕೋಟೆಯಾಗಿಸಿದವರೂ ಇದೇ ಕೆಳದಿಯವರು. ದುರ್ಗದ ಹೆಸರೂ ಆ ಅರಸುಮನೆತನದ್ದೇ.

ಈಗ ದ್ವೀಪವಿರುವ ಜಾಗವನ್ನು ಇನ್ನೊಮ್ಮೆ ನೆನಪಿಸಿಕೊಳ್ಳಿ. ಅಳಿವೆಗೆ ಬರುವ ಹಡಗು, ಅಳಿವೆಯಿಂದ ಹೊರಡುವ ಹಡಗು ಎರಡೂ ಅದರ ಕಣ್ಣಳತೆಯಲ್ಲಿಯೇ ಹಾಯಬೇಕು. ಮನೆಗೆ ಬಾಗಿಲು ಹೇಗೋ ಬಂದರಿಗೆ ಅಳಿವೆ ಹಾಗೆ. ಬಾಗಿಲ ಹೊರಗೆ ಕೂರಿಸಿದ ಕಾವಲುಗಾರನೇ ಈ ದುರ್ಗ. ಚೀರೆಕಲ್ಲಿನ ಗೋಡೆ, ಕೊತ್ತಳಗಳು, ತೋಪುಗಳು ಇವೆಲ್ಲ ಇದ್ದದ್ದು ದ್ವೀಪವನ್ನು ಕಾಯುವುದಕ್ಕಿಂತ ಹೆಚ್ಚಾಗಿ ನದಿಯ ಬಾಯಿಯನ್ನು ಕಾಯುವುದಕ್ಕೆ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ ಮೇಲೆ ಈ ಕರಾವಳಿ ಮೈಸೂರಿನ ವಶವಾಯಿತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಇಂಗ್ಲಿಷರ ವಶವಾಯಿತು. ಅದರೊಂದಿಗೆ ಕಾವಲಿನ ಅಗತ್ಯವೂ ಮುಗಿದು, ಕೋಟೆ ಗಿಡಮರಗಳ ಪಾಲಾಯಿತು. ಸಂಕ್ರಾಂತಿಯ ಹೊತ್ತಿಗೆ ಸುತ್ತಲಿನ ಜನ ದೋಣಿಗಳಲ್ಲಿ ಹೋಗಿ ಪೂಜೆ ಸಲ್ಲಿಸಿ ಬರುವ ವಾಡಿಕೆ ಮಾತ್ರ ಉಳಿದಿದೆ. ಅವರು ಪೂಜೆ ಮುಗಿಸಿ ಹಗಲಿನಲ್ಲಿಯೇ ಮರಳುತ್ತಾರೆ ಎಂಬುದನ್ನು ಗಮನಿಸಿ.

ಕಾವಲುಗಾರನ ಮೂರು ಪ್ರಶ್ನೆಗಳು

ದ್ವೀಪದ ಕೋಟೆಯಲ್ಲಿ ಇರುವವನಿಗೆ ಮೂರು ಪ್ರಶ್ನೆಗಳು ತಪ್ಪಿದ್ದಲ್ಲ. ಎಲ್ಲಿ ಇಳಿಯುವುದು? ಏನು ಕುಡಿಯುವುದು? ತೊಂದರೆಯಾದರೆ ದಡಕ್ಕೆ ಹೇಗೆ ತಿಳಿಸುವುದು?

ಮೊದಲನೆಯದು ಇಳಿಯುವುದು. ದಡದಲ್ಲಿ ನಿಂತು ನೋಡಿದರೆ ದುರ್ಗ ಕೈಗೆ ಸಿಗುವಷ್ಟು ಹತ್ತಿರದಲ್ಲಿದೆ ಅನ್ನಿಸುತ್ತದೆ. ಈ ಹತ್ತಿರವೇ ಮೋಸ. ದೂರ ಕಡಿಮೆ ಎಂದಮಾತ್ರಕ್ಕೆ ದಾರಿ ಸುಲಭವಲ್ಲ. ಹೊನ್ನಾವರದಿಂದ ದೋಣಿಯಲ್ಲಿ ಹೊರಟರೆ ಅಳಿವೆಯನ್ನು ದಾಟಲೇಬೇಕು. ಕೊಂಕಣ ರೈಲ್ವೆಯ ಶರಾವತಿ ಸೇತುವೆ ಎರಡು ಕಿಲೋಮೀಟರಿಗೂ ಹೆಚ್ಚು ಉದ್ದವಿದೆ ಎಂದರೆ ಅಲ್ಲಿ ನದಿ ಎಷ್ಟು ಅಗಲ ಎಂಬುದು ನಿಮಗೆ ತಿಳಿಯುತ್ತದೆ. ಅಷ್ಟು ಅಗಲದ ನೀರೆಲ್ಲ ಇಳಿತದ ಹೊತ್ತಿಗೆ ಕಿರಿದಾದ ಬಾಯಿಯಿಂದ ಹೊರನುಗ್ಗುತ್ತದೆ. ಅದೇ ಹೊತ್ತಿಗೆ ಕಡಲ ಕಡೆಯಿಂದ ಗಾಳಿ ಬೀಸುತ್ತಿದ್ದರೆ, ಹೊರಹೋಗುವ ನೀರಿಗೂ ಒಳಬರುವ ತೆರೆಗೂ ಡಿಕ್ಕಿಯಾಗಿ ತೆರೆಗಳು ಗಿಡ್ಡವಾಗಿ, ಕಡಿದಾಗಿ ಏಳುತ್ತವೆ. ಬಾಯಿಯಲ್ಲಿ ಕೂಡಿದ ಮರಳಿನ ದಿಬ್ಬ ಇದನ್ನು ಇನ್ನಷ್ಟು ಕೆಡಿಸುತ್ತದೆ. ಪಳಗಿದ ಮೀನುಗಾರರೂ ಅಳಿವೆಯನ್ನು ದಾಟುವಾಗ ಮಾತು ನಿಲ್ಲಿಸುವುದು ಇದಕ್ಕೇ.

ಉಬ್ಬರ ಇಳಿತಗಳ ಲೆಕ್ಕ ಕಷ್ಟದ್ದೇನೂ ಅಲ್ಲ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು ಹನ್ನೆರಡೂವರೆ ಗಂಟೆ. ಹಾಗಾಗಿ ಇಂದು ಬೆಳಿಗ್ಗೆ ಆರಕ್ಕೆ ಉಬ್ಬರ ತುಂಬಿದರೆ ನಾಳೆ ತುಂಬುವುದು ಆರು ಐವತ್ತರ ಸುಮಾರಿಗೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚು, ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ. ಇಂದು ನೀವು ಹೆಜ್ಜೆಯಿಟ್ಟು ಇಳಿದ ಕಲ್ಲು ನಾಳೆ ಅದೇ ಹೊತ್ತಿಗೆ ನೀರಿನಡಿ ಇರಬಹುದು. ಬೆಳದಿಂಗಳ ಆಸೆಯಿಂದ ಹುಣ್ಣಿಮೆಯನ್ನೇ ಆರಿಸಿಕೊಳ್ಳುವವರು ಈ ಮಾತನ್ನು ನೆನಪಿನಲ್ಲಿಡಬೇಕು.

ಗಾಳಿಗೂ ಒಂದು ದಿನಚರಿ ಇದೆ. ಚಳಿಗಾಲದಲ್ಲಿ ರಾತ್ರಿ ನೆಲ ಬೇಗ ತಣಿಯುವುದರಿಂದ ಬೆಳಗಿನ ಜಾವ ನೆಲದಿಂದ ಕಡಲಿಗೆ ಮೆಲ್ಲನೆಯ ಗಾಳಿ ಬೀಸುತ್ತದೆ, ಕಡಲು ಎಣ್ಣೆ ಹೊಯ್ದಂತೆ ಇರುತ್ತದೆ. ಹೊತ್ತೇರಿ ನೆಲ ಕಾದಂತೆ ಗಾಳಿ ತಿರುಗಿ, ಮಧ್ಯಾಹ್ನದ ಮೇಲೆ ಕಡಲಿನಿಂದ ನೆಲಕ್ಕೆ ಜೋರಾಗಿ ಬೀಸುತ್ತದೆ. ಬೆಳಗಿನ ಕಡಲನ್ನು ನೋಡಿ ಸಂಜೆಯ ದಾರಿಯನ್ನು ಅಳೆಯಬಾರದು ಎಂದು ಹೇಳುವುದು ಇದರಿಂದಲೇ.

ಎರಡನೆಯದು ನೀರು. ಬಿಸಿಲಿನಲ್ಲಿ ಓಡಾಡುವ ಒಬ್ಬರಿಗೆ ಕುಡಿಯಲು ದಿನಕ್ಕೆ ನಾಲ್ಕು ಲೀಟರಾದರೂ ಬೇಕೆಂದು ಇಟ್ಟುಕೊಳ್ಳಿ. ಆರು ಜನಕ್ಕೆ ಎರಡು ದಿನಕ್ಕೆ 48 ಲೀಟರು. ದೋಣಿ ಒಂದು ದಿನ ತಡವಾಗಬಹುದೆಂದು ಹಿಡಿದರೆ 72 ಲೀಟರು, ಅಂದರೆ 72 ಕಿಲೋ ಭಾರ. ಇದನ್ನು ಅಲುಗಾಡುವ ದೋಣಿಯಿಂದ ಪಾಚಿಗಟ್ಟಿದ ಕಲ್ಲಿಗೆ ದಾಟಿಸಿ, ಗುಡ್ಡದ ನೆತ್ತಿಗೆ ಹೊರಬೇಕು. ಇದೇ ಲೆಕ್ಕದಲ್ಲಿ ನೂರು ಜನ ಕಾವಲುಗಾರರಿಗೆ ಕುಡಿಯಲು ಮಾತ್ರವೇ ದಿನಕ್ಕೆ 400 ಲೀಟರು. ಅದನ್ನು ದಡದಿಂದ ದಿನವೂ ಹೊರುವುದು ಸಾಧ್ಯವೇ? ಮಳೆಗಾಲದ ನಾಲ್ಕು ತಿಂಗಳು ದೋಣಿಯೇ ಇಳಿಯದಿರುವಾಗ ಏನು ಗತಿ?

ಈ ಪ್ರಶ್ನೆಗೆ ನಮ್ಮ ಕರಾವಳಿಯ ಕಲ್ಲೇ ಉತ್ತರ ಕೊಟ್ಟಿದೆ. 1801ರಲ್ಲಿ ಈ ಕರಾವಳಿಯಲ್ಲಿ ಓಡಾಡಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ, ತನ್ನ 1807ರ ಪ್ರವಾಸಗ್ರಂಥದಲ್ಲಿ ನಮ್ಮ ಚೀರೆಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟ. ಲ್ಯಾಟಿನ್ನಿನಲ್ಲಿ ಇಟ್ಟಿಗೆ ಎಂಬುದರಿಂದ ಬಂದ ಹೆಸರು ಅದು. ನೆಲದೊಳಗೆ ಇರುವಾಗ ಕೊಡಲಿಯಿಂದ ಕಡಿಯುವಷ್ಟು ಮೃದು, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿ. ಮೈತುಂಬ ಸಣ್ಣ ಸಣ್ಣ ತೂತು. ಹೊನ್ನಾವರದ ಸೀಮೆಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಆ ನೀರನ್ನು ಈ ಕಲ್ಲು ಹೀರಿಕೊಂಡು, ಕೆಳಗೆ ಜೇಡಿಯ ಪದರ ಸಿಕ್ಕಿದಲ್ಲಿ ತಡೆದು, ತಡವಾಗಿ ಹೊರಬಿಡುತ್ತದೆ. ಚೀರೆಕಲ್ಲಿನ ಗುಡ್ಡಗಳಲ್ಲಿ ಮಳೆ ನಿಂತ ಎಷ್ಟೋ ದಿನದ ಮೇಲೂ ಒರತೆ ಹರಿಯುವುದು ಹೀಗೆ. ಕೋಟೆ ಕಟ್ಟುವವರು ಕಲ್ಲು ಕಡಿದ ಗುಂಡಿ ಕೊಳವಾಗುತ್ತದೆ, ಆಳಕ್ಕೆ ತೋಡಿದ್ದು ಬಾವಿಯಾಗುತ್ತದೆ, ಕಡಿದ ಕಲ್ಲು ಗೋಡೆಯಾಗುತ್ತದೆ. ಒಂದೇ ಕೆಲಸದಲ್ಲಿ ಗೋಡೆಯೂ ನೀರೂ ದೊರೆತ ಹಾಗಾಯಿತು. ಹಾಗೆಂದು ಹಳೆಯ ಕೊಳ ಬಾವಿಗಳನ್ನು ನಂಬಿ ನೀವು ಹೋಗಬಾರದು. ಬಳಸದೆ ಬಿಟ್ಟ ನೀರು ಕಣ್ಣಿಗೆ ತಿಳಿಯಾಗಿ ಕಂಡರೂ ಕುಡಿಯಲು ಯೋಗ್ಯವೆಂದು ಹೇಳಲಾಗದು.

ಮೂರನೆಯದು ಸುದ್ದಿ. ಸುತ್ತುವರಿದ ಕೋಟೆಯೊಳಗೆ ಏನಾಗುತ್ತದೆ ಎಂಬುದಕ್ಕೆ ಹೊನ್ನಾವರದಲ್ಲಿಯೇ ಒಂದು ಸಾಕ್ಷಿ ಇದೆ. 1783ರ ಆರಂಭದಲ್ಲಿ ಇಂಗ್ಲಿಷರು ಹೊನ್ನಾವರದ ಕೋಟೆಯನ್ನು ಹಿಡಿದರು. ಆಮೇಲೆ ಟಿಪ್ಪುವಿನ ಸೇನೆ ಅದಕ್ಕೆ ಮುತ್ತಿಗೆ ಹಾಕಿತು. 1784ರ ಮಂಗಳೂರು ಒಪ್ಪಂದದವರೆಗೂ ಟೊರಿಯಾನೊ ಎಂಬ ಅಧಿಕಾರಿ ಅದನ್ನು ಬಿಟ್ಟುಕೊಡಲಿಲ್ಲ. ಜೇಮ್ಸ್ ಫೋರ್ಬ್ಸ್ ತನ್ನ ನೆನಪುಗಳ ಗ್ರಂಥದಲ್ಲಿ ಈ ಮುತ್ತಿಗೆಯ ವಿವರ ಕೊಟ್ಟಿದ್ದಾನೆ. ಒಳಗಿದ್ದವರನ್ನು ಗುಂಡಿನಷ್ಟೇ ಹಸಿವು ಮತ್ತು ರೋಗ ಕಾಡಿದವು. ಹೊರಗಿನ ನೆರವು ನಿಂತರೆ ಗೋಡೆ ಎಷ್ಟು ಗಟ್ಟಿ ಇದ್ದರೂ ಪ್ರಯೋಜನ ಕಡಿಮೆ.

ನಾವು ಕಳೆದ ಒಂದು ರಾತ್ರಿ

ಇದನ್ನೆಲ್ಲ ನಾನು ಪುಸ್ತಕದಿಂದಷ್ಟೇ ಕಲಿತದ್ದಲ್ಲ. ಕಾಲೇಜು ಮುಗಿಸಿದ ವರ್ಷ, ಜನವರಿ ತಿಂಗಳಲ್ಲಿ, ನಾವು ಆರು ಜನ ಗೆಳೆಯರು ದುರ್ಗಕ್ಕೆ ಹೊರಟೆವು. ಯಾವ ಕಚೇರಿಯನ್ನೂ ಕೇಳಲಿಲ್ಲ. ಪರಿಚಯದ ದೋಣಿಯವರು ಒಪ್ಪಿದ್ದೇ ಅನುಮತಿ ಎಂದುಕೊಂಡೆವು. ದೋಣಿ ಹತ್ತುವಾಗ ವಯಸ್ಸಾದ ತಾಂಡೇಲರೊಬ್ಬರು ನಮ್ಮ ಎರಡು ಕ್ಯಾನುಗಳನ್ನು ನೋಡಿ, “ಇಷ್ಟೇ ನೀರಾ, ತಮಾ?” ಎಂದರು. ಬೆಳಿಗ್ಗೆ ಎಂಟಕ್ಕೆ ವಾಪಸು ಬರುತ್ತೇವಲ್ಲ, ಸಾಕು ಎಂದೆ. ಅವರು ನಕ್ಕು, “ಹೋಗೂದು ನಿಮ್ಮ ಇಷ್ಟ. ಬರೂದು ಗಾಳಿ ಇಷ್ಟ” ಎಂದರು. ಅದನ್ನು ಹಿರಿಯರ ತಮಾಷೆ ಎಂದು ಬಿಟ್ಟೆವು.

ಸಂಜೆ ಚೆನ್ನಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಸೂರ್ಯ ಮುಳುಗಿದ ಮೇಲೆ ದಡದ ದೀಪಗಳು ಸಾಲಾಗಿ ಹೊತ್ತಿಕೊಂಡವು. ಕತ್ತಲಾದ ಮೇಲೆ ತೆರೆ ಕಲ್ಲಿಗೆ ಬಡಿದಾಗ ನೀಲಿ ಬೆಳಕು ಚಿಮ್ಮುತ್ತಿತ್ತು. ನೀರಿನ ಸೂಕ್ಷ್ಮಜೀವಿಗಳು ಅಲುಗಿದಾಗ ಕೊಡುವ ಬೆಳಕು ಅದು. ರಾತ್ರಿ ಎರಡರ ಹೊತ್ತಿಗೆ ಗಾಳಿ ಬದಲಾಯಿತು. ಡೇರೆಯ ಗೂಟಗಳು ಚೀರೆಕಲ್ಲಿನಲ್ಲಿ ಇಳಿದಿರಲಿಲ್ಲ, ಮೇಲುಮೇಲಿನ ಮಣ್ಣಿನಲ್ಲಿ ನಿಂತಿದ್ದವು. ಬಟ್ಟೆ ಹಾರಿಹೋಯಿತು. ಬೆಳಿಗ್ಗೆ ಎಂಟಕ್ಕೆ ದೋಣಿ ಬಂತು, ಆದರೆ ಕಲ್ಲಿನ ಹತ್ತಿರ ಬರಲಾಗಲಿಲ್ಲ. ಎರಡು ಸಲ ಪ್ರಯತ್ನಿಸಿ, ಕೈಬೀಸಿ, ಹಿಂದಕ್ಕೆ ಹೋಯಿತು. ಹತ್ತು ಗಂಟೆಗೆ ನೀರು ಮುಗಿಯಿತು. ನಮ್ಮಲ್ಲೊಬ್ಬನಿಗೆ ರಾತ್ರಿಯಿಂದಲೇ ಜ್ವರ. ಮಧ್ಯಾಹ್ನದ ಬಿಸಿಲಿನಲ್ಲಿ ಅವನು ನೀರು ಕೇಳಿದಾಗ ಕೊಡಲು ನಮ್ಮಲ್ಲಿ ಏನೂ ಇರಲಿಲ್ಲ. ಇನ್ನೊಬ್ಬ ಈಜಿ ದಡ ಸೇರುತ್ತೇನೆಂದು ಅಂಗಿ ಬಿಚ್ಚಿದ. ಅವನನ್ನು ಹಿಡಿದು ಕೂರಿಸುವುದೇ ಆ ದಿನದ ದೊಡ್ಡ ಕೆಲಸವಾಯಿತು. ಹತ್ತಿರ ಕಾಣುತ್ತದಲ್ಲ ಎಂಬುದೇ ಅವನ ವಾದ.

ಮರುದಿನ ಬೆಳಗಿನ ಜಾವ, ಗಾಳಿ ಬಿದ್ದ ಮೇಲೆ, ಅದೇ ತಾಂಡೇಲರು ಬಂದು ನಮ್ಮನ್ನು ಇಳಿಸಿಕೊಂಡರು. ಮೊದಲು ಕೈಗೆ ಕೊಟ್ಟದ್ದು ಗಂಜಿನೀರು. ದಕ್ಕೆಯಲ್ಲಿ ನಮ್ಮ ತಂದೆ ಕೂತಿದ್ದರು. ರಾತ್ರಿಯಿಡೀ ಅಲ್ಲಿಯೇ ಇದ್ದರೆಂದು ಆಮೇಲೆ ತಿಳಿಯಿತು. ಬೈಯಲಿಲ್ಲ. “ಮನೆಗೆ ನಡೆ. ಅಮ್ಮಂಗೆ ನೀನೇ ಹೇಳು” ಎಂದರು, ಅಷ್ಟೇ. ಜ್ವರ ಬಂದವನು ಗುಣವಾದ. ಆದರೆ ಆ ಮಧ್ಯಾಹ್ನ ಅವನು ನೀರು ಕೇಳಿದ ದನಿ ನನಗೆ ಇಂದಿಗೂ ಮರೆತಿಲ್ಲ.

ನಮ್ಮ ಅದೃಷ್ಟ ಎಲ್ಲರಿಗೂ ಇರುವುದಿಲ್ಲ. 2019ರ ಜನವರಿ 21ರಂದು, ಇದೇ ಜಿಲ್ಲೆಯ ಕಾರವಾರದ ಹತ್ತಿರದ ಕೂರ್ಮಗಡ ದ್ವೀಪದಿಂದ ನರಸಿಂಹ ದೇವರ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿಯೊಂದು ಮಗುಚಿ 16 ಜನ ತೀರಿಕೊಂಡರು. ಅವರಲ್ಲಿ ಮಕ್ಕಳೂ ಇದ್ದರು. ದೋಣಿಯಲ್ಲಿ ಮಿತಿಗಿಂತ ಹೆಚ್ಚು ಜನರಿದ್ದರೆಂದು ವರದಿಯಾಯಿತು. ಅದೂ ಕೋಟೆಯಿದ್ದ ದ್ವೀಪವೇ, ಅದೂ ದಡಕ್ಕೆ ಹತ್ತಿರವೇ, ಅಂದೂ ಜನವರಿಯ ಹಗಲೇ.

ಕೇಳಬೇಕಾದವರನ್ನು ಕೇಳುವುದು

ಹಾಗಾದರೆ ಹೋಗುವುದೇ ಬೇಡವೇ? ಹಾಗೆ ಹೇಳುವುದು ಈ ಲೇಖನದ ಉದ್ದೇಶವಲ್ಲ. ಆದರೆ ರಾತ್ರಿ ತಂಗುವ ಮಾತು ಬಂದರೆ ಮೊದಲ ಹೆಜ್ಜೆ ಅನುಮತಿ. 2008ರ ನವೆಂಬರಿನಲ್ಲಿ ಮುಂಬಯಿಗೆ ಕಡಲಿನಿಂದ ದಾಳಿಕೋರರು ಬಂದ ಮೇಲೆ ಕರಾವಳಿಯ ಕಾವಲು ಬಿಗಿಯಾಗಿದೆ. ಜನವಸತಿ ಇಲ್ಲದ ದ್ವೀಪದಲ್ಲಿ ರಾತ್ರಿ ಬೆಳಕು ಕಂಡರೆ ಅದನ್ನು ಸಂಶಯದಿಂದ ನೋಡುವುದು ಕಾವಲಿನವರ ಕರ್ತವ್ಯ. ಆದುದರಿಂದ ತಹಶೀಲ್ದಾರರ ಕಚೇರಿಯಲ್ಲಿಯೂ ಹೊನ್ನಾವರದ ಕರಾವಳಿ ಕಾವಲು ಪೊಲೀಸ್ ಠಾಣೆಯಲ್ಲಿಯೂ ಬರಹದಲ್ಲಿ ಕೇಳಿ. ಬರಹದಲ್ಲಿಯೇ ಉತ್ತರ ಪಡೆಯಿರಿ. ಒಪ್ಪಿಗೆ ಸಿಗದಿದ್ದರೆ ಅದನ್ನೇ ಕೊನೆಯ ಮಾತೆಂದು ತಿಳಿಯಿರಿ. ಪುರಾತತ್ತ್ವ ಇಲಾಖೆಗಳ ರಕ್ಷಣೆಯಲ್ಲಿರುವ ಮಿರ್ಜಾನದಂಥ ಕೋಟೆಗಳಲ್ಲಂತೂ ರಾತ್ರಿ ಉಳಿಯುವ ಮಾತೇ ಇಲ್ಲ.

ಅನುಮತಿ ಕೇಳುವುದರಿಂದ ಇನ್ನೊಂದು ಲಾಭವಿದೆ. ನೀವು ಎಷ್ಟು ಜನ, ಯಾವಾಗ ಹೋಗುತ್ತೀರಿ, ಯಾವಾಗ ಬರಬೇಕು ಎಂಬುದು ದಡದಲ್ಲಿ ಒಬ್ಬರಿಗಾದರೂ ತಿಳಿದಿರುತ್ತದೆ. ಇದೇ ಕಾವಲುಗಾರನ ಮೂರನೆಯ ಪ್ರಶ್ನೆಗೆ ನಿಮ್ಮ ಉತ್ತರ.

ಒಪ್ಪಿಗೆ ದೊರೆತವರಿಗೆ

ಕಾಲ: ಡಿಸೆಂಬರಿನಿಂದ ಫೆಬ್ರವರಿಯವರೆಗೆ ಮಾತ್ರ ಯೋಚಿಸಿ. ಏಪ್ರಿಲ್, ಮೇ ಮತ್ತು ಅಕ್ಟೋಬರಿನಲ್ಲಿ ಗುಡುಗು ಸಿಡಿಲಿನ ಮಳೆ ಬರುತ್ತದೆ. ಕಡಲ ನಡುವಿನ ಬೋಳು ನೆತ್ತಿ ಸಿಡಿಲಿಗೆ ಸುಲಭದ ಗುರಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮಳೆಗಾಲದ ಕಡಲಿಗೆ ಮೀನುಗಾರರೇ ಹೆದರುವಾಗ ಪ್ರವಾಸಿಗರ ಮಾತೇನು? ಹವಾಮಾನ ಇಲಾಖೆ ಮೀನುಗಾರರಿಗೆಂದು ಕೊಡುವ ಎಚ್ಚರಿಕೆಯನ್ನು ಹೊರಡುವ ಹಿಂದಿನ ದಿನವೂ ಅದೇ ಬೆಳಿಗ್ಗೆಯೂ ನೋಡಿ.

ದೋಣಿ: ಅಳಿವೆಯ ಬಲ್ಲ ತಾಂಡೇಲರನ್ನೇ ಹಿಡಿಯಿರಿ. ಅವರು ಬೇಡ ಎಂದರೆ ಹೆಚ್ಚು ಹಣ ಕೊಡುತ್ತೇನೆಂದು ಒತ್ತಾಯಿಸಬೇಡಿ. ಎಲ್ಲರಿಗೂ ಜೀವರಕ್ಷಕ ಜಾಕೆಟು ಬೇಕು, ಅದು ಮೈಮೇಲೆ ಇರಬೇಕು, ದೋಣಿಯ ಮೂಲೆಯಲ್ಲಿ ಅಲ್ಲ. ಬೆಳಿಗ್ಗೆ ಹೋಗಿ, ಬೆಳಿಗ್ಗೆ ಮರಳುವಂತೆ ಲೆಕ್ಕ ಹಾಕಿ.

ನೀರು ಮತ್ತು ಊಟ: ಒಂದು ದಿನದ್ದು ಹೆಚ್ಚಿಗೆ ಇರಲಿ, ಅದನ್ನು ಬೇರೆ ಕಟ್ಟಿಡಿ. ಅವಲಕ್ಕಿ, ಬೆಲ್ಲ, ಹುರಿಗಡಲೆ, ಬಾಳೆಹಣ್ಣು ಇವು ಒಲೆ ಕೇಳುವುದಿಲ್ಲ. ಮಕ್ಕಳು, ಗರ್ಭಿಣಿಯರು, ದಿನವೂ ಔಷಧಿ ಬೇಕಾದವರು ಹಗಲಿನ ಭೇಟಿಗಷ್ಟೇ ಬರಲಿ.

ಜಾಗ: ಹಳೆಯ ಗೋಡೆಯ ಬುಡದಲ್ಲಿ, ಕಮಾನಿನ ಕೆಳಗೆ ಮಲಗಬೇಡಿ. ಬೇರು ಹೊಕ್ಕ ಚೀರೆಕಲ್ಲು ಯಾವಾಗ ಸರಿಯುತ್ತದೆಂದು ಹೇಳಲಾಗದು. ಕಲ್ಲಿನ ಸಂದಿಗಳು ಹಾವು ಚೇಳುಗಳ ಮನೆ. ಕಡಲ ಕಡೆಯ ಅಂಚಿನಿಂದ ದೂರವಿರಿ, ಕತ್ತಲಲ್ಲಿ ಅಲ್ಲಿಗೆ ಹೋಗಲೇಬೇಡಿ. ಡೇರೆಯ ಹಗ್ಗಗಳನ್ನು ಮಣ್ಣು ತುಂಬಿದ ಚೀಲಗಳಿಗೆ ಕಟ್ಟಿ. ಗೋಡೆಯ ಕಲ್ಲನ್ನು ಕಿತ್ತು ಭಾರಕ್ಕೆ ಇಡಬಾರದು. ಬೆಂಕಿ ಹಾಕಬೇಡಿ. ಆ ತಿಂಗಳುಗಳಲ್ಲಿ ಹುಲ್ಲು ಒಣಗಿ ನಿಂತಿರುತ್ತದೆ, ದ್ವೀಪದಲ್ಲಿ ಕಿಚ್ಚು ಹತ್ತಿದರೆ ಓಡಲು ಇನ್ನೊಂದು ಊರಿಲ್ಲ.

ಕರೆ: ಕರಾವಳಿ ಕಾವಲು ಪೊಲೀಸರ ಸಹಾಯವಾಣಿ 1093, ಕೋಸ್ಟ್ ಗಾರ್ಡಿನದು 1554. ಇವನ್ನು ಮೊಬೈಲಿನಲ್ಲಿ ಅಲ್ಲದೆ ಕಾಗದದ ಮೇಲೂ ಬರೆದುಕೊಳ್ಳಿ. ಒಂದು ಮೊಬೈಲನ್ನು ಆರಿಸಿಟ್ಟು ಕೊನೆಯವರೆಗೂ ಚಾರ್ಜ್ ಉಳಿಸಿ. ಬ್ಯಾಟರಿ ಮತ್ತು ಸೀಟಿ ಪ್ರತಿಯೊಬ್ಬರ ಬಳಿಯೂ ಇರಲಿ.

ಕೋಟೆ: ತೋಪು, ಕಲ್ಲು, ಮಡಕೆಯ ಚೂರು ಯಾವುದನ್ನೂ ಎತ್ತಬೇಡಿ, ಹೆಸರು ಕೆತ್ತಬೇಡಿ. ನಿಧಿಯ ಆಸೆಗೆ ನೆಲ ಅಗೆದು ನಮ್ಮ ನಾಡಿನ ಎಷ್ಟೋ ಕೋಟೆಗಳನ್ನು ಹಾಳುಮಾಡಿದ್ದಾರೆ. ಇಂಥ ದುರ್ಗಗಳ ನಿಜವಾದ ನಿಧಿ ನೀರು, ಆದುದರಿಂದ ಕೊಳದ ಹತ್ತಿರ ಹೊಲಸು ಮಾಡಬೇಡಿ. ತಂದ ಪ್ಲಾಸ್ಟಿಕ್ ಎಲ್ಲವನ್ನೂ ವಾಪಸು ಒಯ್ಯಿರಿ. ಪೂಜೆಯ ಜಾಗದಲ್ಲಿ ಚಪ್ಪಲಿ ಬಿಡಿ.

ಹಗಲು ದುರ್ಗ, ರಾತ್ರಿ ದಡ

ಇಷ್ಟೆಲ್ಲ ಓದಿದ ಮೇಲೆ ನನ್ನ ಅಭಿಪ್ರಾಯವನ್ನು ನೀವು ಕೇಳಿದರೆ, ಹೆಚ್ಚಿನವರಿಗೆ ನಾನು ಸೂಚಿಸುವುದು ಬೇರೆ ದಾರಿ. ಶಾಂತವಾದ ದಿನ, ಒಪ್ಪಿಗೆ ಪಡೆದು, ಬೆಳಗಿನ ಗಾಳಿಯಲ್ಲಿ ದುರ್ಗಕ್ಕೆ ಹೋಗಿ. ಗೋಡೆಯುದ್ದಕ್ಕೂ ನಡೆಯಿರಿ. ಕೊತ್ತಳದ ಹತ್ತಿರ ನಿಂತು ಅಳಿವೆಯ ಕಡೆ ನೋಡಿ, ಆ ಕೋಟೆ ಅಲ್ಲಿ ಏಕಿದೆ ಎಂಬುದು ಯಾರೂ ಹೇಳದೆ ಅರ್ಥವಾಗುತ್ತದೆ. ಕಡಲಗಾಳಿ ಏಳುವ ಮೊದಲೇ, ಹತ್ತು ಗಂಟೆಯೊಳಗೆ ದಡ ಸೇರಿ.

ರಾತ್ರಿಯನ್ನು ದಡದಲ್ಲಿ ಕಳೆಯಿರಿ. ಹೊನ್ನಾವರದಲ್ಲಿ ವಸತಿಗೆ ಅನುಕೂಲವಿದೆ. 2020ರಲ್ಲಿ ನೀಲಿ ಬಾವುಟದ ಮಾನ್ಯತೆ ಪಡೆದ ಕಾಸರಕೋಡಿನ ಕಡಲತೀರ ಹತ್ತಿರದಲ್ಲಿದೆ. ಅಪ್ಸರಕೊಂಡದ ಗುಡ್ಡದಿಂದ ಸೂರ್ಯ ಮುಳುಗುವುದನ್ನು ನೋಡಿ, ಊರಿಗೆ ಮರಳಿ ಮಲಗಿ. ಚಳಿಗಾಲದ ರಾತ್ರಿಗಳಲ್ಲಿ ಈ ದಂಡೆಗೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಹೊರಬಂದ ಮರಿಗಳು ಕಡಲಿನ ಬೆಳಕನ್ನು ನೋಡಿ ದಾರಿ ಹಿಡಿಯುತ್ತವೆ, ನಮ್ಮ ದೀಪಗಳಿಂದ ಅವಕ್ಕೆ ದಾರಿ ತಪ್ಪುತ್ತದೆ. ಮರಳಿನ ಮೇಲೆ ದೀಪ, ಬೆಂಕಿ, ಗದ್ದಲ ಬೇಡವೆನ್ನುವುದು ಇದಕ್ಕೆ.

ನಮ್ಮ ಮಾತಿನಲ್ಲಿ ಮನೆಯಿಂದ ಹೊರಡುವವರು ‘ಹೋಗುತ್ತೇನೆ’ ಎನ್ನುವುದಿಲ್ಲ, ‘ಹೋಗಿ ಬರುತ್ತೇನೆ’ ಎನ್ನುತ್ತಾರೆ. ದ್ವೀಪಕ್ಕೆ ಹೊರಡುವವರು ಈ ಮಾತಿನ ಎರಡನೆಯ ಪದಕ್ಕೆ ಮೊದಲು ತಯಾರಿ ಮಾಡಿಕೊಳ್ಳಬೇಕು. ಕೆಳದಿಯವರ ಕಾಲದ ಕಾವಲುಗಾರನೂ ಮನೆಯವರಿಗೆ ಹಾಗೆಯೇ ಹೇಳಿ ದೋಣಿ ಹತ್ತಿರಬೇಕು. ಬಸವರಾಜದುರ್ಗವನ್ನು ನೀವೂ ನೋಡಬೇಕು. ನೀರಿನ ಲೆಕ್ಕ ಹಾಕಿ, ಗಾಳಿಯನ್ನು ಕೇಳಿ, ದಡದಲ್ಲಿ ಒಬ್ಬರಿಗೆ ಹೇಳಿ, ಹೋಗಿ ಬನ್ನಿ.